ಪಿಕಪ್ ಎಂಬ ಸುಖ



ಯಾವುದೇ ಊರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ ಹಳೆಯ ಚಾಲಕರೊಬ್ಬರನ್ನು ಮಾತಿಗೆ ಎಳೆಯಿರಿ. ಅವರು ಓಡಿಸಿದ ಗಾಡಿಗಳಲ್ಲಿ ಯಾವುದು ಚೆನ್ನಾಗಿತ್ತು ಎಂದು ಕೇಳಿ. ಎಷ್ಟು ವೇಗ ಹೋಗುತ್ತಿತ್ತು ಎಂಬ ಲೆಕ್ಕವನ್ನು ಅವರು ಮೊದಲಿಗೆ ಹೇಳುವುದಿಲ್ಲ. 'ಪಿಕಪ್ ಚೆನ್ನಾಗಿತ್ತು ಸ್ವಾಮಿ' ಎನ್ನುತ್ತಾರೆ. ಇಂಗ್ಲಿಷಿನಿಂದ ಬಂದು ಕನ್ನಡದ್ದೇ ಆಗಿಹೋದ ಈ ಪದಕ್ಕೆ ನಿಘಂಟಿನಲ್ಲಿ ಸರಿಯಾದ ಅರ್ಥ ಸಿಗುವುದು ಕಷ್ಟ. ಕಾಲಿನಿಂದ ಎಕ್ಸಲೇಟರ್ ಒತ್ತಿದ ಕೂಡಲೇ ಗಾಡಿ ಮುಂದಕ್ಕೆ ಹಾರುವ ಆ ಗುಣ, ಬೆನ್ನು ಸೀಟಿಗೆ ಒರಗುವ ಆ ಕ್ಷಣ, ಎಂಜಿನ್ನಿನ ಸದ್ದು ಏರುತ್ತಿದ್ದಂತೆ ಚಾಲಕನ ಮುಖದಲ್ಲಿ ತಾನಾಗಿ ಮೂಡುವ ನಗು, ಇವೆಲ್ಲ ಸೇರಿ ಪಿಕಪ್.

ಈ ಸುಖವನ್ನು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸುವವರು ಯಾರು? ಹುಟ್ಟಿನಿಂದಲೇ ದೊಡ್ಡ ಕಾರುಗಳಲ್ಲಿ ಓಡಾಡಿದವರಲ್ಲ. ವರ್ಷಗಟ್ಟಲೆ ಮಂದಗತಿಯ ಗಾಡಿಯನ್ನು ತಳ್ಳಿಕೊಂಡು ಬಂದು, ಒಂದು ದಿನ ಇದ್ದಕ್ಕಿದ್ದಂತೆ ಚುರುಕಾದ ಗಾಡಿಯ ಸ್ಟೇರಿಂಗ್ ಹಿಡಿದವರು. ಬಿಸಿಲಿನಲ್ಲಿ ನಡೆದವನಿಗೇ ನೆರಳಿನ ಬೆಲೆ ಗೊತ್ತು. ಹೀಗೆ ನೋಡಿದರೆ ಇಡೀ ಭಾರತವೇ ಬಿಸಿಲಿನಲ್ಲಿ ನಡೆದ ದೇಶ. ಸುಮಾರು ಮೂವತ್ತು ವರ್ಷಗಳ ಕಾಲ ಈ ದೇಶದ ರಸ್ತೆಗಳಲ್ಲಿ ಕಾರು ಎಂದರೆ ಎರಡೋ ಮೂರೋ ಹೆಸರುಗಳು ಮಾತ್ರ. ಆ ಕಾಲದ ಕಥೆಯನ್ನೂ, ಆ ಸುಖದ ಹಿಂದಿನ ಲೆಕ್ಕಾಚಾರವನ್ನೂ, ಅದಕ್ಕೆ ತೆರಬೇಕಾದ ಬೆಲೆಯನ್ನೂ ಒಟ್ಟಿಗೆ ನೋಡುವುದು ಈ ಮಾತಿನ ಉದ್ದೇಶ.

ಬಿಳಿಯ ಆನೆಯ ಕಾಲ

ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆ ಸ್ಥಾಪನೆಯಾದದ್ದು 1942ರಲ್ಲಿ. ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ ಅದರ ಕಾರ್ಖಾನೆ ನೆಲೆಗೊಂಡಿತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಅಂಬಾಸಿಡರ್ ಹುಟ್ಟಿತು. ಬ್ರಿಟನ್ನಿನಲ್ಲಿ ಆ ಮಾದರಿ ಬೇಗನೆ ಹಳತಾಗಿ ಮರೆಗೆ ಸರಿಯಿತು. ಭಾರತದಲ್ಲಿ ಮಾತ್ರ ಅದು 2014ರವರೆಗೆ ತಯಾರಾಗುತ್ತಲೇ ಇತ್ತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಇಟಲಿಯ ಫಿಯೆಟ್ 1100 ಕಾರನ್ನು ತಯಾರಿಸಿತು. ಅದೇ ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡಿತು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಬಂತು. ಆಯ್ಕೆ ಅಲ್ಲಿಗೆ ಮುಗಿಯಿತು.

ಲೈಸೆನ್ಸು, ಪರ್ಮಿಟ್ಟುಗಳ ಆ ಕಾಲದಲ್ಲಿ ಎಷ್ಟು ಕಾರು ತಯಾರಿಸಬೇಕು ಎಂಬುದಕ್ಕೂ ಸರ್ಕಾರದ ಅಪ್ಪಣೆ ಬೇಕಿತ್ತು. ಕಾರು ಐಷಾರಾಮದ ವಸ್ತು, ಬಡ ದೇಶಕ್ಕೆ ಬಸ್ಸು, ಲಾರಿ, ಟ್ರ್ಯಾಕ್ಟರು ಮುಖ್ಯ ಎಂಬುದು ಆಗಿನ ವಾದ. ಆ ವಾದದಲ್ಲಿ ತಿರುಳಿರಲಿಲ್ಲ ಎನ್ನುವಂತಿಲ್ಲ. ಆದರೆ ಅದರ ಫಲವಾಗಿ ಹಣ ಕಟ್ಟಿದವನು ವರ್ಷಗಟ್ಟಲೆ ಕಾಯಬೇಕಾಯಿತು. ಕಾದು ಪಡೆದ ಕಾರು ಅಪ್ಪನ ಕಾಲದ ಕಾರೇ ಆಗಿತ್ತು. ಗಿರಾಕಿ ಬಾಗಿಲಲ್ಲಿ ಸಾಲುಗಟ್ಟಿ ನಿಂತಿರುವಾಗ ಕಾರನ್ನು ಉತ್ತಮಗೊಳಿಸುವ ದರ್ದು ತಯಾರಕನಿಗೆ ಎಲ್ಲಿಂದ ಬರಬೇಕು?

ಅಂಬಾಸಿಡರ್ ಕೆಟ್ಟ ಕಾರೆಂದು ಯಾರೂ ಹೇಳುವಂತಿಲ್ಲ. ಮದುವೆ ದಿಬ್ಬಣಕ್ಕೆ ಎಂಟು ಹತ್ತು ಮಂದಿಯನ್ನು ತುಂಬಿಕೊಂಡು ಹೋಗುತ್ತಿತ್ತು. ಹಳ್ಳಿಯ ಗುಂಡಿ ರಸ್ತೆಗೆ ಹೆದರುತ್ತಿರಲಿಲ್ಲ. ಕೆಟ್ಟು ನಿಂತರೆ ಸಂತೆಯೂರಿನ ಮೆಕ್ಯಾನಿಕ್ ಕೂಡ ಸುತ್ತಿಗೆ, ಸ್ಪ್ಯಾನರ್ ಹಿಡಿದು ಸರಿಮಾಡಬಲ್ಲವನಾಗಿದ್ದ. ವಿಧಾನಸೌಧದ ಮುಂದೆ ಸಾಲಾಗಿ ನಿಂತ ಬಿಳಿಯ ಅಂಬಾಸಿಡರ್‌ಗಳು ಅಧಿಕಾರದ ಚಿಹ್ನೆಯೇ ಆಗಿದ್ದವು. ಆದರೆ ಓಡಿಸುವವನ ಪಾಡು ಬೇರೆ. ಬೆಳಿಗ್ಗೆ ಚೋಕ್ ಎಳೆದು ಎಂಜಿನ್ನನ್ನು ಓಲೈಸಬೇಕು. ಗೇರಿನ ಹಿಡಿ ಸ್ಟೇರಿಂಗ್ ಪಕ್ಕದಲ್ಲಿ. ಸ್ಟೇರಿಂಗ್ ತಿರುಗಿಸಲು ರಟ್ಟೆಯಲ್ಲಿ ಕಸುವು ಬೇಕು. ಎದುರಿನ ಲಾರಿಯನ್ನು ಹಿಂದೆ ಹಾಕುವುದೆಂದರೆ ಅದೊಂದು ದೊಡ್ಡ ಯೋಜನೆ: ಅರ್ಧ ಮೈಲಿ ಖಾಲಿ ರಸ್ತೆ ಕಾಣಬೇಕು, ಇಳಿಜಾರಾದರೆ ಇನ್ನೂ ಒಳ್ಳೆಯದು.

ಘಟ್ಟದ ಲೆಕ್ಕ

ಈ ಮಂದಗತಿಯ ಕಾರಣವನ್ನು ಸರಳ ಲೆಕ್ಕದಲ್ಲಿ ಹೇಳಬಹುದು. ಅಶ್ವಶಕ್ತಿ ಎಂಬ ಮಾತು ಜೇಮ್ಸ್ ವ್ಯಾಟ್‌ನ ಕಾಲದ್ದು. ಸ್ಥೂಲವಾಗಿ ಹೇಳುವುದಾದರೆ, 75 ಕಿಲೋ ತೂಗುವ ಒಂದು ಅಕ್ಕಿಮೂಟೆಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆ ಎತ್ತಲು ಬೇಕಾಗುವ ಶಕ್ತಿಯೇ ಒಂದು ಅಶ್ವಶಕ್ತಿ. ಅಂಬಾಸಿಡರ್‌ನ 1489 ಸಿ.ಸಿ. ಎಂಜಿನ್ನಿನ ಶಕ್ತಿ ಸುಮಾರು 50 ಅಶ್ವಶಕ್ತಿ.

ಈಗ ಆಗುಂಬೆಯನ್ನೋ ಚಾರ್ಮಾಡಿಯನ್ನೋ ನೆನೆಸಿಕೊಳ್ಳಿ. ಜನ, ಸಾಮಾನು ಸೇರಿ ಗಾಡಿಯ ತೂಕ 1500 ಕಿಲೋ ಎಂದಿಟ್ಟುಕೊಳ್ಳಿ. ಹತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವಂಥ ಏರು. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಹತ್ತು ಮೀಟರ್. ಅಂದರೆ ಪ್ರತಿ ಸೆಕೆಂಡಿಗೂ 1500 ಕಿಲೋ ಭಾರ ಒಂದು ಮೀಟರ್ ಮೇಲಕ್ಕೆ ಹೋಗಬೇಕು. ಇಪ್ಪತ್ತು ಅಕ್ಕಿಮೂಟೆಗಳ ಭಾರವದು. ಇಪ್ಪತ್ತು ಅಶ್ವಶಕ್ತಿ ಅದಕ್ಕೇ ಖರ್ಚು. ಟೈರು ಉರುಳಿಸುವುದಕ್ಕೆ, ಗಾಳಿಯನ್ನು ಸೀಳುವುದಕ್ಕೆ, ಗೇರು ಮತ್ತು ಆಕ್ಸಲ್‌ಗಳ ತಿಕ್ಕಾಟಕ್ಕೆ ಇನ್ನಷ್ಟು. ಹಳೆಯ ಎಂಜಿನ್ನು ತನ್ನ ಪೂರ್ತಿ ಶಕ್ತಿಯನ್ನು ಕೊಡುವುದು ಜೋರಾಗಿ ತಿರುಗುವಾಗ ಮಾತ್ರ. ಹಾಗಾಗಿ ಏರಿನಲ್ಲಿ ಚಾಲಕನ ಕೈಯಲ್ಲಿ ಉಳಿತಾಯವೇ ಇರುತ್ತಿರಲಿಲ್ಲ. ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತ ಏರಿ, ರೇಡಿಯೇಟರ್ ಕುದಿದು ಹಬೆ ಎದ್ದಾಗ ತಿರುವಿನಲ್ಲಿ ನಿಂತು, ಬಾನೆಟ್ ಎತ್ತಿ, ತೊರೆಯ ನೀರು ತಂದು ಸುರಿಯುವುದು ಘಟ್ಟದ ಪ್ರಯಾಣದ ಒಂದು ವಿಧಿಯೇ ಆಗಿತ್ತು.

ಇಲ್ಲಿ ಒಂದು ಸ್ವಾರಸ್ಯವಿದೆ. ಅಂಬಾಸಿಡರ್‌ನ ಈ ಎಂಜಿನ್ನು ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ 'ಬಿ' ಸರಣಿಯದು. 1955ರಲ್ಲಿ ಅದೇ ಕಂಪನಿ ಹೊರತಂದ ಎಂ.ಜಿ.ಎ. ಎಂಬ ಚಂದದ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಇದೇ 1489 ಸಿ.ಸಿ. ಎಂಜಿನ್ನು! ಎರಡು ಕಾರ್ಬ್ಯುರೇಟರ್ ಜೋಡಿಸಿ, ಉಸಿರಾಟ ಸರಾಗಗೊಳಿಸಿದಾಗ ಅದು 70ರ ಆಸುಪಾಸಿನ ಅಶ್ವಶಕ್ತಿ ಕೊಡುತ್ತಿತ್ತು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಓಟಗಾರನಾದ, ಇನ್ನೊಬ್ಬ ಭಾರತಕ್ಕೆ ಬಂದು ಸರ್ಕಾರಿ ನೌಕರನಾದ ಎನ್ನಬಹುದು.

ಅದೇ ಮೈ, ಹೊಸ ಎದೆ

1984ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಾಂಟೆಸ್ಸಾ ಎಂಬ ಕಾರನ್ನು ಬಿಡುಗಡೆ ಮಾಡಿತು. ಬ್ರಿಟನ್ನಿನ ವಾಕ್ಸಾಲ್ ವಿಕ್ಟರ್ ಕಾರಿನ ಅಗಲವಾದ, ಉದ್ದವಾದ ಗಂಭೀರ ಮೈ. ನೋಡಿದವರು ಬೆರಗಾದರು. ಓಡಿಸಿದವರು ನಿರಾಶರಾದರು. ಒಳಗೆ ಇದ್ದದ್ದು ಅದೇ ಅಂಬಾಸಿಡರ್‌ನ 50 ಅಶ್ವಶಕ್ತಿಯ ಎಂಜಿನ್ನು. ಕುಸ್ತಿಪಟುವಿನ ದೇಹಕ್ಕೆ ಕ್ಷಯರೋಗಿಯ ಎದೆ ಇಟ್ಟಂತಾಗಿತ್ತು. ಕೆಲವೇ ವರ್ಷಗಳಲ್ಲಿ ಕಂಪನಿಗೆ ಬುದ್ಧಿ ಬಂತು. ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಅದರಲ್ಲಿ ಕೂರಿಸಲಾಯಿತು. ಅಶ್ವಶಕ್ತಿ 88ಕ್ಕೆ ಏರಿತು. 1990ರ ದಶಕದ ಆರಂಭದಲ್ಲಿ ಅದೇ ಎಂಜಿನ್ನು ತುಸು ಮೆದುವಾಗಿ, 75 ಅಶ್ವಶಕ್ತಿಯೊಂದಿಗೆ, ಅಂಬಾಸಿಡರ್‌ಗೂ ಬಂತು. ಗೇರಿನ ಹಿಡಿ ನೆಲಕ್ಕೆ ಇಳಿಯಿತು.

ಯೋಚಿಸಿ ನೋಡಿ. ಹೊರಗೆ ಅದೇ ದುಂಡು ಮೈ, ಅದೇ ಎತ್ತರದ ಸೀಟು, ಅದೇ ಬಾಗಿಲ ಸದ್ದು. ಇಪ್ಪತ್ತು ವರ್ಷ ಹಳೆಯ ಗಾಡಿ ಓಡಿಸಿದ ಚಾಲಕ ಹಳೆಯ ಅಭ್ಯಾಸಬಲದಿಂದ ಕಾಲನ್ನು ಒತ್ತುತ್ತಾನೆ. ಗಾಡಿ ನೆಗೆಯುತ್ತದೆ. ಹಿಂದಿನ ಸೀಟಿನಲ್ಲಿ ಪತ್ರಿಕೆ ಓದುತ್ತಿದ್ದ ಯಜಮಾನರು ತಲೆ ಎತ್ತಿ, 'ಏನಪ್ಪಾ, ಯಾಕಿಷ್ಟು ಅವಸರ?' ಎನ್ನುತ್ತಾರೆ. 'ಅವಸರ ನನಗಲ್ಲ ಬುದ್ಧೀ, ಗಾಡಿಗೆ' ಎನ್ನುತ್ತಾನೆ ಚಾಲಕ. ಪಿಕಪ್ ಎಂಬ ಪದದ ಪೂರ್ತಿ ಅರ್ಥ ಇಂಥ ಕ್ಷಣದಲ್ಲಿದೆ.

ಇದಕ್ಕೆ ವಿರುದ್ಧವಾದ ಪಾಠವೂ ಅದೇ ದಶಕದಲ್ಲಿ ಸಿಕ್ಕಿತು. 1985ರಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಸ್ಟ್ಯಾಂಡರ್ಡ್ 2000 ಎಂಬ ಕಾರನ್ನು ತಂದಿತು. ಅದು ಬ್ರಿಟನ್ನಿನ ರೋವರ್ ಎಸ್.ಡಿ.1 ಕಾರಿನ ಮೈ. ಅಲ್ಲಿ ಆ ಕಾರಿಗೆ 3.5 ಲೀಟರ್‌ನ ಎಂಟು ಸಿಲಿಂಡರುಗಳ ಎಂಜಿನ್ನು ಇತ್ತು. 1977ರ ಯೂರೋಪಿನ ವರ್ಷದ ಕಾರು ಎಂಬ ಗೌರವವೂ ಅದಕ್ಕೆ ದಕ್ಕಿತ್ತು. ಇಲ್ಲಿ ಅದಕ್ಕೆ ಹಾಕಿದ್ದು ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾಲದ ಮೂಲದ 1991 ಸಿ.ಸಿ. ಹಳೆಯ ಎಂಜಿನ್ನು. ಮೈಯ ಮಾತನ್ನು ಎದೆ ನಡೆಸಿಕೊಡಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಕಾರಿನ ಕಥೆ ಮುಗಿಯಿತು. ಚಂದದ ಗಾಡಿ ಬೇರೆ, ಓಡಿಸಲು ಚೆಂದವಾದ ಗಾಡಿ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಗುರಾದ ಪುಟಾಣಿ

ಆದರೆ ಸುಖಕ್ಕೆ ಶಕ್ತಿಯೊಂದೇ ದಾರಿಯಲ್ಲ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ಅದರ ಮಾಲೀಕರ ಕೈಗೆ ಕೊಟ್ಟರು. 796 ಸಿ.ಸಿ., ಮೂರೇ ಸಿಲಿಂಡರು, 40ಕ್ಕೂ ಕಡಿಮೆ ಅಶ್ವಶಕ್ತಿ. ಕಾಗದದ ಮೇಲೆ ಅದು ಅಂಬಾಸಿಡರ್‌ಗಿಂತ ದುರ್ಬಲ. ಹಿರಿಯರು ಅದನ್ನು ಬೆಂಕಿಪೊಟ್ಟಣ ಎಂದು ನಕ್ಕರು. ಅಂಬಾಸಿಡರ್ ಒಂದು ಟನ್ನಿಗೂ ಮೀರಿ ತೂಗಿದರೆ ಈ ಪುಟಾಣಿಯ ತೂಕ ಆರುನೂರು ಚಿಲ್ಲರೆ ಕಿಲೋ. ಪ್ರತಿ ಕುದುರೆಯ ಪಾಲಿಗೆ ಬರುವ ಹೊರೆ ಇಲ್ಲಿ ಕಡಿಮೆ. ಜೊತೆಗೆ ಎಂಜಿನ್ನು ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿತ್ತು. ಕ್ಲಚ್ ಹೂವಿನಂತೆ ಮೃದು. ಗೇರು ಬೆರಳ ತುದಿಯಲ್ಲಿ ಬೀಳುತ್ತಿತ್ತು. ಸ್ಟೇರಿಂಗ್ ಹೇಳಿದಂತೆ ಕೇಳುತ್ತಿತ್ತು.

ಹಳೆಯ ಗಾಡಿಗಳಿಗೆ ಹೆದರಿ ದೂರ ನಿಂತಿದ್ದ ಅನೇಕ ಹೆಂಗಸರು ಕಾರು ಕಲಿತದ್ದು ಮಾರುತಿಯಲ್ಲಿ. ಚಾಲಕನನ್ನು ಇಟ್ಟುಕೊಳ್ಳದೆ ಮಾಲೀಕನೇ ಓಡಿಸುವ ರೂಢಿ ಬಲಗೊಂಡದ್ದೂ ಆಗಲೇ. ಕಾರು ಎಂದರೆ ಹಿಂದಿನ ಸೀಟಿನಲ್ಲಿ ಕೂರುವ ಅಂತಸ್ತು ಎಂಬ ಭಾವನೆ ಹೋಗಿ, ಮುಂದಿನ ಸೀಟಿನಲ್ಲಿ ಕೂತು ಓಡಿಸುವ ಸಂತೋಷ ಎಂಬ ಭಾವನೆ ಬಂತು. ಇದು ಸಣ್ಣ ಬದಲಾವಣೆಯಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ಇದೇ ಮಾರುತಿಯ ಪುಟ್ಟ ಎಂಜಿನ್ನನ್ನು ಬಳಸಿ ಒಬ್ಬರೇ ಕೂರುವ ಫಾರ್ಮುಲಾ ಮಾರುತಿ ರೇಸ್ ಕಾರುಗಳನ್ನು ರೂಪಿಸಿದರು. ಮುಂದೆ 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದ ನಾರಾಯಣ್ ಕಾರ್ತಿಕೇಯನ್ ಆರಂಭದ ದಿನಗಳಲ್ಲಿ ಪಳಗಿದ್ದು ಅಂಥ ಕಾರುಗಳಲ್ಲಿ.

1990ರಲ್ಲಿ ಬಂದ ಮಾರುತಿ 1000 ಮತ್ತೆ ಹಳೆಯ ತಪ್ಪನ್ನು ಮಾಡಿತು: ದೊಡ್ಡ ಮೈ, 970 ಸಿ.ಸಿ.ಯ ಚಿಕ್ಕ ಎಂಜಿನ್ನು. 1993ರಲ್ಲಿ ಕಾರು ಉದ್ಯಮಕ್ಕೆ ಲೈಸೆನ್ಸಿನ ಕಟ್ಟು ಸಡಿಲವಾಯಿತು. ಮರುವರ್ಷವೇ ಅದೇ ಮೈಗೆ 1.3 ಲೀಟರ್ ಎಂಜಿನ್ನು ಬಂದು ಮಾರುತಿ ಎಸ್ಟೀಮ್ ಆಯಿತು. 46 ಇದ್ದ ಅಶ್ವಶಕ್ತಿ 65 ಆಯಿತು. ಮುಂದೆ 1998ರಲ್ಲಿ ಹೋಂಡಾ ಸಿಟಿ, 1999ರಲ್ಲಿ ಫೋರ್ಡ್ ಐಕಾನ್ ಬಂದವು. ಕಾಯುವ ಸರದಿ ಈಗ ಕಂಪನಿಗಳದ್ದಾಯಿತು.

ಒಳಕಿವಿಯ ಸಾಕ್ಷಿ

ಇಷ್ಟಕ್ಕೂ ಈ ಸುಖ ದೇಹದ ಯಾವ ಭಾಗಕ್ಕೆ ಗೊತ್ತಾಗುತ್ತದೆ? ಕಿವಿಗೆ ಎಂದರೆ ಆಶ್ಚರ್ಯವಾಗಬಹುದು. ಒಳಕಿವಿಯಲ್ಲಿ ಸಮತೋಲನವನ್ನು ಕಾಯುವ ಪುಟ್ಟ ಅಂಗಗಳಿವೆ. ಅಲ್ಲಿನ ಸೂಕ್ಷ್ಮ ಹರಳುಗಳು ಮತ್ತು ಕೂದಲಿನಂಥ ಜೀವಕೋಶಗಳು ಗ್ರಹಿಸುವುದು ವೇಗವನ್ನಲ್ಲ, ವೇಗದ ಬದಲಾವಣೆಯನ್ನು. ಕಣ್ಣು ಮುಚ್ಚಿ ಕೂತವನಿಗೆ ಒಂದೇ ವೇಗದಲ್ಲಿ ಹಾರುತ್ತಿರುವ ವಿಮಾನ ನಿಂತಂತೆಯೇ ಅನ್ನಿಸುತ್ತದೆ. ಅದು ನೆಲ ಬಿಡುವಾಗಿನ ನೂಕು ಮಾತ್ರ ಯಾರಿಗೂ ತಪ್ಪದೆ ಗೊತ್ತಾಗುತ್ತದೆ. ಹಳೆಯ ಚಾಲಕರು ವೇಗವನ್ನು ಬಿಟ್ಟು ಪಿಕಪ್ಪನ್ನು ಹೊಗಳುವುದು ಶರೀರಶಾಸ್ತ್ರಕ್ಕೆ ಸರಿಯಾಗಿಯೇ ಇದೆ.

ಎರಡನೆಯ ಸಂಗತಿ ಇನ್ನೂ ಮುಖ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಅರ್ನ್ಸ್ಟ್ ವೇಬರ್ ಎಂಬ ವಿಜ್ಞಾನಿ ತೂಕಗಳನ್ನು ಎತ್ತಿಸಿ ಪರೀಕ್ಷೆ ನಡೆಸಿದ. ಅವನು ಕಂಡ ಸತ್ಯ ಇದು: ಮನುಷ್ಯನಿಗೆ ಗೊತ್ತಾಗುವ ವ್ಯತ್ಯಾಸ ಎಷ್ಟೆಂಬುದು ಮೊದಲು ಕೈಯಲ್ಲಿ ಇದ್ದದ್ದು ಎಷ್ಟೆಂಬುದನ್ನು ಅವಲಂಬಿಸಿದೆ. ಖಾಲಿ ಅಂಗೈ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟರೆ ತಕ್ಷಣ ತಿಳಿಯುತ್ತದೆ. ತಲೆಯ ಮೇಲೆ ಮೂಟೆ ಹೊತ್ತವನ ಮೂಟೆಗೆ ಅದೇ ಪೊಟ್ಟಣ ಸೇರಿಸಿದರೆ ತಿಳಿಯುವುದಿಲ್ಲ. ಕಾರಿಗೂ ಇದೇ ಮಾತನ್ನು ಅನ್ವಯಿಸಬಹುದು. 50ಕ್ಕೆ 25 ಅಶ್ವಶಕ್ತಿ ಸೇರಿದರೆ ಅರ್ಧದಷ್ಟು ಹೆಚ್ಚಳ, ಚಾಲಕ ಬೆರಗಾಗುತ್ತಾನೆ. 250ಕ್ಕೆ ಅದೇ 25 ಸೇರಿದರೆ ಹತ್ತರಲ್ಲೊಂದು ಪಾಲು, ಬೆರಗು ಅಷ್ಟಕ್ಕಷ್ಟೆ. ಕೋಟಿ ರೂಪಾಯಿಯ ಕಾರಿನ ಒಡೆಯನಿಗೆ ಸಿಗದ ಆನಂದ ಅಂಬಾಸಿಡರ್ ಚಾಲಕನಿಗೆ ಸಿಕ್ಕಿದ್ದರ ಗುಟ್ಟು ಇಲ್ಲಿದೆ.

ಇದರ ಇನ್ನೊಂದು ಮುಖವೂ ಉಂಟು. ಸುಖ ಬಹುಕಾಲ ಉಳಿಯುವುದಿಲ್ಲ. ಆರು ತಿಂಗಳಲ್ಲಿ ಹೊಸ ಗಾಡಿಯೂ ಮಾಮೂಲಾಗುತ್ತದೆ. ಮತ್ತೆ ಹೊಸ ಬೆರಗಿಗಾಗಿ ಕಾಲು ಇನ್ನಷ್ಟು ಒತ್ತುತ್ತದೆ. ಅಪಾಯ ಶುರುವಾಗುವುದು ಅಲ್ಲಿ.

ಬೆಲೆ ತೆರುವವರು

ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಲವತ್ತರ ವೇಗ ಎಂಬತ್ತಾದರೆ ಬ್ರೇಕು ಅಡಗಿಸಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ನೂರಾದರೆ ಆರು ಪಟ್ಟಿಗೂ ಹೆಚ್ಚು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿನಲ್ಲಿ 28 ಮೀಟರ್ ಸಾಗುತ್ತದೆ. ರಸ್ತೆಗೆ ಅಡ್ಡ ಬಂದ ಎಮ್ಮೆಯನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ಒಳಕಿವಿಗೆ ಒಂದೇ ಸಮನಾದ ವೇಗ ಗೊತ್ತಾಗುವುದಿಲ್ಲ ಎಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು. ಒಳ್ಳೆಯ ರಸ್ತೆಯಲ್ಲಿ, ಸದ್ದಿಲ್ಲದ ಹೊಸ ಕಾರಿನಲ್ಲಿ ನೂರು ಎಂಬುದು ನಲವತ್ತರಂತೆ ಕಾಣುತ್ತದೆ. ಹಳೆಯ ಅಂಬಾಸಿಡರ್ ಎಂಬತ್ತಕ್ಕೇ ಗಡಗಡ ನಡುಗಿ ಎಚ್ಚರಿಸುತ್ತಿತ್ತು. ಹೊಸ ಕಾರು ಎಚ್ಚರಿಸುವುದಿಲ್ಲ.

ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವನ್ನು ಕಾರಣವೆಂದು ದಾಖಲಿಸಲಾಗಿದೆ. ಸತ್ತವರೆಲ್ಲ ವೇಗದ ಸುಖ ಉಂಡವರಲ್ಲ. ನಡೆದು ಹೋಗುತ್ತಿದ್ದವರು, ಸೈಕಲ್ಲಿನವರು, ಸ್ಕೂಟರಿನ ಹಿಂದೆ ಮಗುವನ್ನು ಕೂರಿಸಿಕೊಂಡು ಹೊರಟವರು ಅವರಲ್ಲಿದ್ದಾರೆ. ಒಬ್ಬರ ಪಿಕಪ್ಪಿಗೆ ಇನ್ನೊಬ್ಬರು ಬೆಲೆ ತೆರುವುದು ಯಾವ ನ್ಯಾಯ?

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಮೊದಲ ತಿಂಗಳುಗಳಲ್ಲೇ ಅಪಘಾತ, ಸಾವುಗಳು ಸುದ್ದಿಯಾದವು. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾಗಳನ್ನು ನಿಷೇಧಿಸಲಾಯಿತು. ಗಂಟೆಗೆ ನೂರು ಕಿಲೋಮೀಟರ್ ಮಿತಿಯನ್ನು ಮೀರಿದವರಿಗೆ ದಂಡ ಹಾಕಲು ಪೊಲೀಸರು ಮುಂದಾದರು. ರಸ್ತೆ ಬೇಗ ಬದಲಾಯಿತು, ಕಾರು ಬೇಗ ಬದಲಾಯಿತು. ಚಾಲಕನ ಅಭ್ಯಾಸ ಬದಲಾಗಲು ಮಾತ್ರ ಸಮಯ ಬೇಕು.

ಹಾಗೆಂದು ಪಿಕಪ್ಪೇ ಪಾಪ ಎನ್ನುವುದೂ ಸಲ್ಲದು. ಲಾರಿಯನ್ನು ಹಿಂದೆ ಹಾಕುವಾಗ ಚುರುಕಾದ ಗಾಡಿ ಎದುರು ಪಥದಲ್ಲಿ ಇರುವ ಸಮಯವನ್ನು ಕಡಿಮೆ ಮಾಡುತ್ತದೆ; ಅದು ರಕ್ಷಣೆಯೂ ಹೌದು. ಶಕ್ತಿ ಕಾರಿನಲ್ಲಿ ಇರಲಿ, ಅದನ್ನು ಯಾವಾಗ ಬಳಸಬಾರದು ಎಂಬ ತಿಳಿವಳಿಕೆ ಚಾಲಕನಲ್ಲಿ ಇರಲಿ. ಪೂರ್ತಿ ವೇಗ ನೋಡುವ ಆಸೆಯಿದ್ದವರಿಗೆ ರೇಸ್ ಟ್ರ್ಯಾಕುಗಳಿವೆ. ಅಲ್ಲಿ ಎದುರಿನಿಂದ ಎತ್ತಿನಗಾಡಿ ಬರುವುದಿಲ್ಲ.

ಮಂದ ಗಾಡಿಯ ಪಾಠ

ಈ ತಿಳಿವಳಿಕೆಯನ್ನು ಕಲಿಸಿದ್ದು ಅದೇ ಮಂದ ಗಾಡಿಗಳು ಎಂಬುದು ಕೊನೆಯ ಮಾತು. ಶಕ್ತಿ ಇಲ್ಲದ ಗಾಡಿಯ ಚಾಲಕ ದೂರ ನೋಡಲು ಕಲಿಯುತ್ತಾನೆ. ಏರು ಬರುವ ಮೊದಲೇ ಗೇರು ಇಳಿಸುತ್ತಾನೆ. ಬ್ರೇಕನ್ನು ನೆಚ್ಚದೆ ಇಳಿಜಾರಿನಲ್ಲಿ ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿಯುತ್ತಾನೆ. ಸದ್ದಿನಿಂದಲೇ ಎಂಜಿನ್ನಿನ ಕಷ್ಟವನ್ನು ಅರಿಯುತ್ತಾನೆ. ಅಂಥವನ ಕೈಗೆ ಚುರುಕಾದ ಗಾಡಿ ಸಿಕ್ಕಾಗ ಅವನಿಗೆ ಸಿಗುವುದು ಬರೀ ಪುಳಕವಲ್ಲ, ಕೃತಜ್ಞತೆ. ಕಲಿಯುವ ಮೊದಲ ದಿನವೇ ನೂರೈವತ್ತು ಅಶ್ವಶಕ್ತಿಯ ಮೇಲೆ ಕಾಲಿಡುವ ಹುಡುಗನಿಗೆ ಈ ಎರಡೂ ಸಿಗುವುದಿಲ್ಲ.

2014 ಒಂದು ವಿಚಿತ್ರ ವರ್ಷ. ಜನವರಿಯಲ್ಲಿ ಮಾರುತಿ 800ರ ತಯಾರಿಕೆ ನಿಂತಿತು. ಮೇ ತಿಂಗಳಲ್ಲಿ ಉತ್ತರಪಾರಾದಲ್ಲಿ ಅಂಬಾಸಿಡರ್‌ನ ತಯಾರಿಕೆ ನಿಂತಿತು. ಭಾರತವನ್ನು ಹೊತ್ತು ತಿರುಗಿದ ಕಾರು, ಭಾರತಕ್ಕೆ ಓಡಿಸುವ ಸುಖ ಕಲಿಸಿದ ಕಾರು, ಎರಡೂ ನಾಲ್ಕು ತಿಂಗಳ ಅಂತರದಲ್ಲಿ ಹೊರಟುಹೋದವು. 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳೂ ಬೀದಿಯಿಂದ ಸರಿದವು.

ಈಗ ವಿದ್ಯುತ್ ಕಾರುಗಳ ಕಾಲ ಬಂದಿದೆ. ಎಂಜಿನ್ನು ಜೋರಾಗಿ ತಿರುಗುವವರೆಗೆ ಕಾಯಬೇಕಾಗಿಲ್ಲ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ. ಒಂದು ಕಾಲಕ್ಕೆ ಸಿರಿವಂತರಿಗೂ ಸಿಗದಿದ್ದ ಪಿಕಪ್ ಇನ್ನು ಮುಂದೆ ಸಾಮಾನ್ಯರ ಮನೆಗೂ ಬರಲಿದೆ. ಒಳ್ಳೆಯದೇ. ಆದರೆ ಮನೆಯ ಹೊಸ ಕಾರಿನ ಕೀಲಿಯನ್ನು ಮಗನಿಗೋ ಮಗಳಿಗೋ ಕೊಡುವ ಮೊದಲು, ಎಲ್ಲಾದರೂ ಒಂದು ಹಳೆಯ ಗಾಡಿ ಸಿಕ್ಕರೆ ಅದರಲ್ಲಿ ಅವರನ್ನು ಒಂದು ಘಟ್ಟ ಹತ್ತಿಸಿ. ಅಲ್ಲಿಂದ ಇಳಿದು ಬಂದ ಮೇಲೆ ಹೊಸ ಗಾಡಿಯ ಬೆಲೆ ಅವರಿಗೆ ಗೊತ್ತಾಗುತ್ತದೆ. ರಸ್ತೆಯಲ್ಲಿ ನಡೆಯುವವರ ಬೆಲೆಯೂ.